ಒಂದೇ ರನ್‌ವೇ: ವಿಪತ್ತಿನ ದಿನಗಳಲ್ಲಿ ವಿಮಾನ ನಿಲ್ದಾಣಗಳು

ನೆಲ ನಡುಗುವಾಗ ಆಕಾಶದಲ್ಲಿರುವ ವಿಮಾನಕ್ಕೆ ಏನಾಗುತ್ತದೆ? ಸಮಾಜ ವಿಜ್ಞಾನದ ಮೇಷ್ಟರು ರಜೆಯಲ್ಲಿದ್ದ ಒಂದು ದಿನ ಒಂಬತ್ತನೇ ತರಗತಿಯಲ್ಲಿ ನಾನು ಈ ಪ್ರಶ್ನೆ ಕೇಳಿದೆ. "ಏನೂ ಆಗಲ್ಲ ಸಾರ್, ಅದು ಮೇಲಿರುತ್ತಲ್ಲ" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಥಟ್ಟನೆ ಹೇಳಿದ. ಉತ್ತರವೇನೋ ಸರಿ. ಆದರೆ ಅದು ಎಲ್ಲಾದರೂ ಇಳಿಯಬೇಕಲ್ಲ! ಔಷಧ, ಡೇರೆ, ಅಕ್ಕಿ ಹೊತ್ತು ಬರುವ ವಿಮಾನಗಳೂ ಇಳಿಯಬೇಕು. ಈ ಚಿಕ್ಕ ಮಾತಿನ ಹಿಂದೆ ಒಂದು ಇತಿಹಾಸವೇ ಇದೆ.

2004ರ ಡಿಸೆಂಬರ್ 26ರಂದು ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬಳಿ 9.1 ತೀವ್ರತೆಯ ಭೂಕಂಪವಾಗಿ ಸುನಾಮಿ ಎದ್ದಿತು. ಆ ದೇಶವೊಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಣ್ಮರೆಯಾದರು. ಹೆಚ್ಚಿನ ನಾಶ ಕಂಡದ್ದು ಅಚೆ ಪ್ರಾಂತ. ಅದರ ರಾಜಧಾನಿ ಬಂಡಾ ಅಚೆಯ ವಿಮಾನ ನಿಲ್ದಾಣಕ್ಕೆ 1607ರಿಂದ 1636ರವರೆಗೆ ಆಳಿದ ಸುಲ್ತಾನ್ ಇಸ್ಕಂದರ್ ಮುದಾನ ಹೆಸರು. ಅದು ಸಮುದ್ರದಿಂದ ಒಳಗಿದ್ದುದರಿಂದ ಅಲೆಗೆ ಸಿಗಲಿಲ್ಲ. ಆದರೆ ಕರಾವಳಿಯ ರಸ್ತೆ, ಸೇತುವೆಗಳೆಲ್ಲ ಕೊಚ್ಚಿ ಹೋಗಿದ್ದವು. ಹೀಗಾಗಿ ಪ್ರಪಂಚದ ನೆರವೆಲ್ಲ ಆ ಸಣ್ಣ ನಿಲ್ದಾಣದ ಒಂದೇ ರನ್‌ವೇಯ ಮೇಲೆ ಬಂದು ಬೀಳತೊಡಗಿತು. ಸಾಮಾನು ಇಳಿಸುವ ಯಂತ್ರಗಳು ಸಾಲದು, ಇಳಿಸಿದ್ದನ್ನು ಇಡಲು ಜಾಗ ಸಾಲದು, ಊರೂರಿಗೆ ಸಾಗಿಸಲು ಲಾರಿಗಳೂ ಸಾಲದು.

ಇಷ್ಟರ ನಡುವೆ 2005ರ ಜನವರಿ 4ರಂದು, ಪರಿಹಾರ ಸಾಮಗ್ರಿ ತಂದ ಬೋಯಿಂಗ್ 737 ವಿಮಾನವೊಂದು ಕತ್ತಲಲ್ಲಿ ಇಳಿಯುವಾಗ ರನ್‌ವೇಯಲ್ಲಿದ್ದ ಎಮ್ಮೆಗೆ ಡಿಕ್ಕಿ ಹೊಡೆಯಿತು. ಹೌದು, ನಮ್ಮ ಊರಿನ ರಸ್ತೆಗಳಲ್ಲಿ ಕಾಣುವಂಥದೇ ಎಮ್ಮೆ! ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆದರೆ ಚಕ್ರದ ಭಾಗ ಮುರಿದು ವಿಮಾನ ಅಲ್ಲೇ ಕುಸಿದು ಕೂತಿತು. ಅದನ್ನು ಎತ್ತಿ ಬದಿಗೆ ಸರಿಸುವ ತಕ್ಕ ಸಲಕರಣೆ ಅಲ್ಲಿರಲಿಲ್ಲ. ಬಹಳ ಹೊತ್ತು ಬೇರೆ ವಿಮಾನಗಳು ಇಳಿಯಲಾಗಲಿಲ್ಲ, ಹೆಲಿಕಾಪ್ಟರುಗಳು ಮಾತ್ರ ಹಾರಾಡಿದವು. ಹಸಿದವರ ಬಾಯಿಗೆ ಹೋಗಬೇಕಾದ ತುತ್ತನ್ನು ಒಂದು ಬೇಲಿಯ ಕೊರತೆ ತಡೆದಿತ್ತು.

ಇಂಥ ಅನುಭವಗಳ ನಂತರ 2009ರಲ್ಲಿ ಸರಕು ಸಾಗಣೆಯ ಡಾಯ್ಚೆ ಪೋಸ್ಟ್ ಡಿಎಚ್‌ಎಲ್ ಕಂಪನಿ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಸೇರಿ ವಿಮಾನ ನಿಲ್ದಾಣಗಳನ್ನು ವಿಪತ್ತಿಗೆ ಸಜ್ಜುಗೊಳಿಸುವ ತರಬೇತಿ ಆರಂಭಿಸಿದವು. ಅಲ್ಲಿ ಕೇಳುವ ಪ್ರಶ್ನೆಗಳು ಮನೆಯಲ್ಲಿ ಮದುವೆ ಇಟ್ಟುಕೊಂಡವರು ಕೇಳುವಂಥವೇ. ಒಮ್ಮೆಗೆ ಎಷ್ಟು ವಿಮಾನ ನಿಲ್ಲಬಹುದು? ಇಂಧನ ಎಷ್ಟು ದಿನಕ್ಕೆ ಬರುತ್ತದೆ? ಸಾಮಾನು ಎಲ್ಲಿ ಇಡುವುದು? ಸಿಬ್ಬಂದಿಯ ಮನೆಗಳೇ ಬಿದ್ದಿದ್ದರೆ ಕೆಲಸಕ್ಕೆ ಬರುವವರು ಯಾರು? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದದ್ದು ಎಂದು ನನ್ನ ಅನಿಸಿಕೆ.

ಕಟ್ಟಡಗಳನ್ನು ಗಟ್ಟಿ ಮಾಡುವ ಕೆಲಸವೂ ಜೊತೆಗೇ ನಡೆಯಿತು. ಇಸ್ತಾಂಬುಲ್‌ನ ಸಬೀಹಾ ಗೋಕ್ಚೆನ್ ನಿಲ್ದಾಣದಲ್ಲಿ 2009ರಲ್ಲಿ ತೆರೆದ ಟರ್ಮಿನಲ್ಲಿನ ಅಡಿಯಲ್ಲಿ 300 ಕಂಪನ ತಡೆ ಸಾಧನಗಳಿವೆ. ನೆಲ ಅಲುಗಿದರೂ ಅದರ ಪೂರ್ತಿ ಹೊಡೆತ ಮೇಲಿನ ಕಟ್ಟಡಕ್ಕೆ ತಾಗದಂತೆ ಅವು ನೋಡಿಕೊಳ್ಳುತ್ತವೆ.

ನಮ್ಮ ನೆರೆಯ ನೇಪಾಳದ ಕಥೆ ಕೇಳಿ. ಕಠ್ಮಂಡುವಿನ ತ್ರಿಭುವನ್ ನಿಲ್ದಾಣಕ್ಕೂ ಒಂದೇ ರನ್‌ವೇ. ವಿಶ್ವ ಆಹಾರ ಕಾರ್ಯಕ್ರಮವು ಅಲ್ಲಿ ಪರಿಹಾರ ಸಾಮಗ್ರಿ ಇಡಲೆಂದೇ ಒಂದು ಕೇಂದ್ರ ಕಟ್ಟಿಸಿ 2015ರ ಮಾರ್ಚ್‌ನಲ್ಲಿ ತೆರೆಯಿತು. ಸುಮಾರು ಒಂದು ತಿಂಗಳಿಗೆ, ಏಪ್ರಿಲ್ 25ರಂದು, 7.8 ತೀವ್ರತೆಯ ಭೂಕಂಪ! ಆ ಕೇಂದ್ರ ಬಹಳ ಉಪಯೋಗಕ್ಕೆ ಬಂತು. ಆದರೂ ನಿಲ್ಲಲು ಜಾಗ ಸಾಲದೆ ಎಷ್ಟೋ ವಿಮಾನಗಳು ಆಕಾಶದಲ್ಲೇ ಸುತ್ತಿ ವಾಪಸ್ ಹೋದವು. ಭಾರದ ವಿಮಾನಗಳಿಂದ ರನ್‌ವೇ ಹಾಳಾಗುತ್ತಿದೆಯೆಂದು ಮೇ ತಿಂಗಳ ಆರಂಭದಲ್ಲಿ 196 ಟನ್ನಿಗಿಂತ ಹೆಚ್ಚು ತೂಕದವುಗಳನ್ನು ಬಾರದಂತೆ ತಡೆಯಬೇಕಾಯಿತು.

ವಿದ್ಯಾರ್ಥಿ ಮಿತ್ರರೇ, ಈಗ ಮತ್ತೆ ಇಂಡೋನೇಷ್ಯಾಕ್ಕೆ ಬನ್ನಿ. 2018ರ ಸೆಪ್ಟೆಂಬರ್ 28ರ ಸಂಜೆ, ಸುಲಾವೆಸಿ ದ್ವೀಪದ ಪಾಲು ನಗರ. ನಿಲ್ದಾಣದ ನಿಯಂತ್ರಣ ಗೋಪುರದಲ್ಲಿ ಆಂಥೋನಿಯಸ್ ಗುನವಾನ್ ಅಗುಂಗ್ ಎಂಬ 21 ವರ್ಷದ ಯುವಕ ಕೆಲಸದಲ್ಲಿದ್ದ. ಬಾಟಿಕ್ ಏರ್ ಸಂಸ್ಥೆಯ ವಿಮಾನವೊಂದು ಪ್ರಯಾಣಿಕರನ್ನು ತುಂಬಿಕೊಂಡು ಹೊರಟಿತ್ತು. ಅಷ್ಟರಲ್ಲಿ 7.5 ತೀವ್ರತೆಯ ಭೂಕಂಪ. ಜೊತೆಗಿದ್ದವರು ಕೆಳಗಿಳಿದು ಓಡಿದರು. ಓಡಿದ್ದು ತಪ್ಪೆಂದು ಯಾರೂ ಹೇಳಲಾರರು. ಆ ಯುವಕ ಮಾತ್ರ ವಿಮಾನ ನೆಲ ಬಿಡುವವರೆಗೆ ಅಲ್ಲೇ ನಿಂತ. ಅದು ಮೇಲೇರಿದ ಮೇಲೆ, ಕುಸಿಯುತ್ತಿದ್ದ ಗೋಪುರದ ನಾಲ್ಕನೇ ಮಹಡಿಯಿಂದ ಹಾರಿದ.

ವಿಮಾನ ಸುರಕ್ಷಿತವಾಗಿ ಮಕಸ್ಸಾರ್ ತಲುಪಿತು. ಇತ್ತ ಪಾಲುವಿನ ರನ್‌ವೇಯಲ್ಲಿ ನೂರಾರು ಮೀಟರ್ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಕೈಕಾಲು ಮುರಿದು, ಒಳಗೂ ಪೆಟ್ಟಾಗಿದ್ದ ಅಗುಂಗ್‌ನನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಲು ಬೇರೆ ದ್ವೀಪದ ಬಾಲಿಕ್‌ಪಾಪನ್‌ನಿಂದ ಹೆಲಿಕಾಪ್ಟರ್ ಕರೆಸಲಾಯಿತು. ಅದು ಬಂದು ತಲುಪುವ ಮೊದಲೇ ಆತ ತೀರಿಕೊಂಡಿದ್ದ.