ಯೋನಿಯ ಶಿಲೀಂಧ್ರ ಸೋಂಕು: ಔಷಧಿಯೇ ಮುಖ್ಯ, ಪ್ರೊಬಯಾಟಿಕ್ ಪೂರಕ ಮಾತ್ರ

ಯೋನಿಯಲ್ಲಿ ತುರಿಕೆ, ಉರಿ, ಒಡೆದ ಮೊಸರಿನಂತಹ ಬಿಳಿ ಸ್ರಾವ ಶಿಲೀಂಧ್ರ ಸೋಂಕಿನ ಮುಖ್ಯ ಲಕ್ಷಣಗಳು. ಬಹುತೇಕ ಪ್ರಕರಣಗಳಲ್ಲಿ ಕ್ಯಾಂಡಿಡಾ ಅಲ್ಬಿಕಾನ್ಸ್ ಎಂಬ ಶಿಲೀಂಧ್ರವೇ ಇದಕ್ಕೆ ಕಾರಣ. ಸುಮಾರು ಶೇ. 75ರಷ್ಟು ಮಹಿಳೆಯರನ್ನು ಇದು ಜೀವಮಾನದಲ್ಲಿ ಒಮ್ಮೆಯಾದರೂ ಬಾಧಿಸುತ್ತದೆ. ಆಂಟಿಬಯಾಟಿಕ್ ಸೇವನೆ, ಗರ್ಭಾವಸ್ಥೆ ಹಾಗೂ ಹತೋಟಿ ತಪ್ಪಿದ ಮಧುಮೇಹದಿಂದ ಸೋಂಕಿನ ಸಾಧ್ಯತೆ ಹೆಚ್ಚುತ್ತದೆ.

ಸಾಮಾನ್ಯ ಸೋಂಕಿಗೆ ಕ್ಲೋಟ್ರಿಮಜೋಲ್ ಮುಲಾಮು, ಯೋನಿಯೊಳಗೆ ಇಡುವ ಮಾತ್ರೆ ಅಥವಾ 150 ಮಿ.ಗ್ರಾಂ. ಫ್ಲುಕೊನಜೋಲ್ ಮಾತ್ರೆಯ ಒಂದೇ ಡೋಸ್ ಸಾಕಾಗುತ್ತದೆ. ಆದರೆ ಗರ್ಭಿಣಿಯರು ಫ್ಲುಕೊನಜೋಲ್ ಸೇವಿಸಬಾರದು. ಅವರಿಗೆ 7 ದಿನಗಳ ಮುಲಾಮು ಚಿಕಿತ್ಸೆಯೇ ಸೂಕ್ತ.

ಯೋನಿಯಲ್ಲಿ ಸಹಜವಾಗಿರುವ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸಿ ರಕ್ಷಣೆ ನೀಡುತ್ತದೆ. ಪ್ರೊಬಯಾಟಿಕ್ ಬಳಕೆಗೆ ಇದೇ ಆಧಾರ. ಆದರೆ ಆಂಟಿಬಯಾಟಿಕ್ ಸೇವಿಸಿದವರಲ್ಲಿ ಇದು ಸೋಂಕನ್ನು ತಡೆಯಲಿಲ್ಲವೆಂದು 2004ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ ತಿಳಿಸಿತು. ಔಷಧಿಯ ಜೊತೆ ಬಳಸಿದರೆ ಅಲ್ಪಾವಧಿಯಲ್ಲಿ ತುಸು ಪ್ರಯೋಜನವಾಗಬಹುದು, ಆದರೆ ಅದಕ್ಕಿರುವ ಪುರಾವೆ ದುರ್ಬಲ ಎಂಬುದು 2017ರ ಕಾಕ್ರೇನ್ ಪರಾಮರ್ಶೆಯ ತೀರ್ಮಾನ.

ಇತರ ಸೋಂಕುಗಳಲ್ಲೂ ಇಂತಹುದೇ ಲಕ್ಷಣಗಳಿರುತ್ತವೆ. ಆದ್ದರಿಂದ ಸಂಕೋಚಪಟ್ಟು ಸ್ವಯಂ ಚಿಕಿತ್ಸೆಗೆ ಮೊರೆಹೋಗದೆ ವೈದ್ಯರಲ್ಲಿ ಪರೀಕ್ಷಿಸಿಕೊಳ್ಳುವುದು ಒಳಿತು. ವರ್ಷಕ್ಕೆ 3 ಅಥವಾ ಹೆಚ್ಚು ಬಾರಿ ಮರುಕಳಿಸಿದರೆ ರಕ್ತದ ಸಕ್ಕರೆ ಪರೀಕ್ಷೆಯೂ ಅಗತ್ಯ.