ಪ್ರೇರಿಯ ಪಲ್ಸಟಿಲ್ಲ: ಅಂಗರಚನೆ ಮತ್ತು ನೆಲೆ

ಉತ್ತರ ಅಮೆರಿಕದ ಪ್ರೇರಿಯೆಂಬ ವಿಸ್ತಾರವಾದ ಹುಲ್ಲುಗಾವಲುಗಳಲ್ಲಿ, ಹಿಮವು ಪೂರ್ತಿ ಕರಗುವ ಮೊದಲೇ, ಕಳೆದ ವರ್ಷದ ಒಣಹುಲ್ಲಿನ ನಡುವಿನಿಂದ ನಸುನೇರಳೆಯ ಹೂವನ್ನೆತ್ತುವ ಪಲ್ಸಟಿಲ್ಲ ನಟ್ಟಾಲಿಯಾನವು ವತ್ಸನಾಭಿಯ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಮೂಲಿಕೆ. ದಕ್ಷಿಣ ಡಕೋಟ ರಾಜ್ಯವು 1903ರಲ್ಲಿಯೂ ಕೆನಡದ ಮ್ಯಾನಿಟೋಬ ಪ್ರಾಂತವು 1906ರಲ್ಲಿಯೂ ಇದನ್ನು ತಮ್ಮ ಪುಷ್ಪಲಾಂಛನವಾಗಿ ಅಂಗೀಕರಿಸಿದುವು. ಗಾಳಿ, ಬೆಂಕಿ, ಅನಾವೃಷ್ಟಿಗಳಿಗೆ ತೆರೆದ ನಿರ್ವೃಕ್ಷವಾದ ಆ ನೆಲವನ್ನು ಬಿಟ್ಟು ಈ ಸಸ್ಯದ ಒಂದು ಅಂಗವನ್ನಾದರೂ ಸರಿಯಾಗಿ ಅರ್ಥಮಾಡಿಕೊಳ್ಳಲಾಗದೆಂಬುದೇ ಈ ಲೇಖನದ ಪ್ರತಿಪಾದನೆ.

ಹೂವಿಗೆ ದಳಗಳಿಲ್ಲ. ದಳಗಳೆಂದು ತೋರುವ 5ರಿಂದ 7 ಪುಷ್ಪಪತ್ರಗಳೇ ವರ್ಣವನ್ನು ತಾಳಿ, ಅಸಂಖ್ಯವಾದ ಹಳದಿಯ ಕೇಸರಗಳನ್ನು ಬಟ್ಟಲಿನಂತೆ ಸುತ್ತುವರಿದಿವೆ. ಹೊರಸುತ್ತಿನ ಕೆಲವು ಕೇಸರಗಳು ಪರಾಗವನ್ನು ತೊರೆದು ಮಕರಂದವನ್ನು ಸ್ರವಿಸುತ್ತವೆ. ಈ ಬಟ್ಟಲು ಹಗಲಿನಲ್ಲಿ ಸೂರ್ಯನತ್ತ ತಿರುಗುತ್ತ ಬಿಸಿಲನ್ನು ಒಳಗೆ ಸೆರೆಹಿಡಿಯುವುದರಿಂದ ಹೊರಗಣ ಗಾಳಿಗಿಂತ ಬೆಚ್ಚಗಿದ್ದು, ಚಳಿಯಿಂದ ಜಡವಾದ ಕೀಟಗಳಿಗೆ ಆಹಾರದೊಡನೆ ಆಶ್ರಯವನ್ನೂ ಒದಗಿಸುತ್ತದೆ. ಮೊಗ್ಗು ಹಿಂದಿನ ಶರತ್ಕಾಲದಲ್ಲಿಯೇ ರೂಪುಗೊಂಡು, ರೇಷ್ಮೆಯಂಥ ರೋಮಗಳಿಂದ ತುಂಬಿದ, ಎಳೆಎಳೆಯಾಗಿ ಸೀಳಿದ ಉಪಪತ್ರಗಳ ಹೊದಿಕೆಯೊಳಗೆ ಚಳಿಗಾಲವನ್ನು ಕಳೆಯುವುದು. ಬುಡದ ಎಲೆಗಳು ಅರಳುವುದು ಸಾಮಾನ್ಯವಾಗಿ ಹೂವಿನ ತರುವಾಯವೇ.

ಪುಷ್ಪಪತ್ರಗಳು ಉದುರಿದ ಬಳಿಕ ತೊಟ್ಟು ನೀಳವಾಗಿ ಬೆಳೆದು, ಒಂದೊಂದು ಏಕಬೀಜಫಲದ ತುದಿಯಲ್ಲಿಯೂ ಶಲಾಕೆಯು 2ರಿಂದ 4 ಸೆಂಟಿಮೀಟರಿನಷ್ಟು ಉದ್ದವಾದ ಗರಿಯಾಗಿ ಮಾರ್ಪಡುತ್ತದೆ. ಗಾಳಿಯಲ್ಲಿ ಹಾರಿ ನೆಲಕ್ಕಿಳಿದ ಫಲದ ಈ ಗರಿ ತೇವವಾದಾಗ ಒಂದು ಬಗೆಯಾಗಿ, ಒಣಗಿದಾಗ ಇನ್ನೊಂದು ಬಗೆಯಾಗಿ ಮಣಿದು ತಿರುಚಿಕೊಳ್ಳುತ್ತ, ಚೂಪಾದ ಬೀಜವನ್ನು ಮಣ್ಣಿನೊಳಕ್ಕೆ ನೂಕುವುದು. ನೀಲಗಿರಿಯ ಹುಲ್ಲುಗಾವಲುಗಳಲ್ಲಿ ಬೆಳೆಯುವ ಬಂಧುವಾದ ಅನಿಮೋನಿ ರಿವ್ಯುಲಾರಿಸ್‌ನ ಶಲಾಕೆಯಾದರೋ ಕೊಕ್ಕೆಯಂತೆ ಬಾಗಿರುವುದಲ್ಲದೆ ಗರಿಯನ್ನು ತಳೆಯುವುದಿಲ್ಲ. ಲಿನೇಯಸನು 1753ರಲ್ಲಿ ಈ ಗುಂಪಿನ ಪೇಟೆನ್ಸ್ ಪ್ರಭೇದವನ್ನು ಅನಿಮೋನಿ ಜಾತಿಯಲ್ಲಿಟ್ಟನು. ಪಲ್ಸಟಿಲ್ಲವನ್ನು ಅನಿಮೋನಿಯಿಂದ ಪ್ರತ್ಯೇಕಿಸುವ ವಿದ್ವಾಂಸರ ಮುಖ್ಯ ಆಧಾರಗಳಲ್ಲಿ ಈ ಗರಿಯೂ ಒಂದು. ವಂಶವಾಹಿಗಳ ಅಧ್ಯಯನವು ಪಲ್ಸಟಿಲ್ಲವನ್ನು ಅನಿಮೋನಿಯ ಶಾಖೆಯೊಳಗೇ ಕಾಣುವುದಾದರೂ, ಬಯಲಿನಲ್ಲಿ ಕೆಲಸಮಾಡುವವನಿಗೆ ಪ್ರತ್ಯೇಕನಾಮವೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಅಲಾಸ್ಕದಿಂದ ನ್ಯೂ ಮೆಕ್ಸಿಕೊವರೆಗೆ, ಪೂರ್ವದಲ್ಲಿ ವಿಸ್ಕಾನ್ಸಿನ್ ಮತ್ತು ಇಲಿನಾಯ್‌ವರೆಗೆ ಹಬ್ಬಿರುವ ಈ ಸಸ್ಯವು ನೀರು ಬೇಗ ಬಸಿದುಹೋಗುವ ಮರಳು, ಜಲ್ಲಿಗಳ ಒಣ ಇಳಿಜಾರುಗಳನ್ನು, ಅದರಲ್ಲಿಯೂ ದಕ್ಷಿಣಾಭಿಮುಖವಾದವುಗಳನ್ನು, ಆರಿಸಿಕೊಳ್ಳುತ್ತದೆ. ಜಜ್ಜಿದ ಎಲೆಯಲ್ಲಿ ಹುಟ್ಟುವ ಪ್ರೋಟೋಅನಿಮೋನಿನ್ ಬಾಯಿಯನ್ನು ಸುಡುವಷ್ಟು ತೀಕ್ಷ್ಣವಾದುದರಿಂದ ಮೇಯುವ ಪ್ರಾಣಿಗಳು ಇದನ್ನು ಬಿಟ್ಟು ಸುತ್ತಣ ಹುಲ್ಲನ್ನು ಮೇಯುವುವು. ಕಾಳ್ಗಿಚ್ಚು ಒಣಹುಲ್ಲಿನ ದಟ್ಟ ಹಾಸನ್ನು ಸುಟ್ಟರೂ ಮರಗಟ್ಟಿದ ಬೇರುಗಡ್ಡೆ ಮಣ್ಣಿನೊಳಗೆ ಕ್ಷೇಮವಾಗಿ ಉಳಿಯುತ್ತದೆ. ಬೆಂಕಿಯನ್ನು ತಡೆದು ಕಾಡೆಮ್ಮೆಗಳನ್ನು ನಿರ್ಮೂಲಗೊಳಿಸಿದ ಕಡೆಗಳಲ್ಲಿ ಹುಲ್ಲಿನ ಹಾಸು ಮೇಲೇರಿ, ಮಿಸಿಸಿಪಿ ನದಿಯ ದಿಣ್ಣೆಗಳಲ್ಲಿ ಕೆಂಪು ಸೀಡರ್ ಮರಗಳು ನುಗ್ಗಿ, ಹೂವು ಕ್ಷೀಣಿಸಿತು. ಬೇಲಿ ಹಾಕಿ ಸುಮ್ಮನಿರುವುದನ್ನೇ ಸಂರಕ್ಷಣೆಯೆನ್ನುವುದು ಆದ್ದರಿಂದ ಸಲ್ಲದು. ನೇಗಿಲು ಹೊಕ್ಕ ನೆಲದಲ್ಲಂತೂ ಇದು ಉಳಿಯುವುದಿಲ್ಲ. ಆಳವಾದ ತಾಯಿಬೇರನ್ನು ಕಡಿಯದೆ ಕೀಳುವುದು ದುಸ್ಸಾಧ್ಯವಾದುದರಿಂದ, ಬೆಳೆದ ಗಿಡವನ್ನು ತೋಟಕ್ಕೆ ಸಾಗಿಸುವ ಪ್ರಯತ್ನಗಳೂ ಪ್ರಾಯಶಃ ವಿಫಲವಾಗುತ್ತವೆ.