ದಂಡಿಗೆಯ ಬುಡದ ತಾರೀಖು

ಹಳೆಯ ವಸ್ತುವಿಗೆ ಬೆಲೆ ಬಂದಿತೆಂದರೆ ಅದರ ನಕಲು ಹುಟ್ಟಲು ಬಹಳ ಕಾಲ ಬೇಕಾಗುವುದಿಲ್ಲ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಪೇಟೆಗೆ ತಂದ ‘ಪ್ರಿಸಿಷನ್ ಬಾಸ್’ ಎಂಬ ವಿದ್ಯುತ್ ಗಿಟಾರಿನ ಕಥೆಯೂ ಇದೇ.

ಅದುವರೆಗೆ ವಾದ್ಯವೃಂದದಲ್ಲಿ ಮಂದ್ರಸ್ವರ ನುಡಿಸುವವನು ಆಳೆತ್ತರದ ಡಬಲ್ ಬಾಸನ್ನು ಹೊತ್ತು ತಿರುಗಬೇಕಾಗಿತ್ತು. ಅದರಲ್ಲಿ ಮೆಟ್ಟುಗಳಿಲ್ಲವಾದುದರಿಂದ ಸ್ವರಸ್ಥಾನವನ್ನು ಕಿವಿಯಿಂದಲೇ ಹುಡುಕಬೇಕಾಗಿತ್ತು. ಫೆಂಡರ್ ಮಾಡಿದ ವಾದ್ಯವನ್ನು ಹೆಗಲಿಗೆ ತೂಗಿಕೊಳ್ಳಬಹುದಾಗಿತ್ತು. ಮೆಟ್ಟುಗಳಿದ್ದುದರಿಂದ ಸ್ವರ ಖಚಿತವಾಗಿ ಬರುತ್ತಿತ್ತು. ‘ಪ್ರಿಸಿಷನ್’, ಎಂದರೆ ನಿಖರತೆ, ಎಂಬ ಹೆಸರು ಬಂದದ್ದು ಅದರಿಂದಲೇ.

ಅದನ್ನು ಕಟ್ಟಿದ ಬಗೆ ಬಲು ಸರಳ. ಒಡಲನ್ನೂ ದಂಡಿಗೆಯನ್ನೂ ಅಂಟಿನಿಂದ ಕೂಡಿಸದೆ ನಾಲ್ಕು ತಿರುಪುಮೊಳೆಗಳಿಂದ ಬಿಗಿದರು. ದಂಡಿಗೆ ಕೆಟ್ಟರೆ ಬೇರೊಂದನ್ನು ಹಾಕಬಹುದು. ಈ ಸೌಕರ್ಯವೇ ಮುಂದೆ ಮೋಸಗಾರನಿಗೂ ಅನುಕೂಲವಾಯಿತು. ಒಂದು ವಾದ್ಯದ ದಂಡಿಗೆ, ಇನ್ನೊಂದರ ಒಡಲು, ಹೊಸದಾಗಿ ಅಂಟಿಸಿದ ಹೆಸರು, ಇಷ್ಟು ಸೇರಿದರೆ ಹಳೆಯ ಬಾಸ್ ಒಂದು ಸಿದ್ಧ! 1950ರ ದಶಕದ ನಡುವಿನಿಂದ ಕ್ರಮಸಂಖ್ಯೆಯ ತಗಡನ್ನೂ ಅದೇ ಮೊಳೆಗಳು ಹಿಡಿದಿದ್ದುದರಿಂದ, ಆ ಸಂಖ್ಯೆಯೊಂದನ್ನೇ ನಂಬುವಂತಿಲ್ಲ.

ಹಾಗಾದರೆ ಪರೀಕ್ಷೆ ಹೇಗೆ? ಮೊಳೆ ಬಿಚ್ಚಿದರೆ ದಂಡಿಗೆಯ ಬುಡದಲ್ಲಿ ಸಾಮಾನ್ಯವಾಗಿ ಒಂದು ತಾರೀಖು ಕಾಣುತ್ತದೆ. ಮೊದಲು ಪೆನ್ಸಿಲಿನಿಂದ ಬರೆದದ್ದು, 1962ರಿಂದೀಚೆಗೆ ಮುದ್ರೆಯೊತ್ತಿದ್ದು. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ತಿಥಿ ಬರೆದಿಟ್ಟಂತೆ. ಆದರೆ ಅದು ದಂಡಿಗೆಯ ತಾರೀಖೇ ಹೊರತು ಇಡೀ ವಾದ್ಯದ್ದಲ್ಲ. ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಯ ಕೆಳಗಿನ ಬಿಡಿಭಾಗದ ಮೇಲೂ ಅಂಕಿಗಳಿರುತ್ತವೆ. 3046320 ಎಂದಿದ್ದರೆ, 304 ಎಂಬುದು ಸ್ಟ್ಯಾಕ್‌ಪೋಲ್ ಕಂಪನಿಯ ಗುರುತು, 63 ಇಸವಿ, 20 ಆ ವರ್ಷದ ವಾರ. 1961ರದೆಂದು ಮಾರುವ ವಾದ್ಯದಲ್ಲಿ ಇದು ಸಿಕ್ಕರೆ ವಿಚಾರಿಸಲೇಬೇಕು. ಬಿಡಿಭಾಗ ಕೊಂಚ ಹಳೆಯದಾಗಿದ್ದರೆ ದೋಷವಿಲ್ಲ. ಕಾರ್ಖಾನೆಯಲ್ಲಿ ದಾಸ್ತಾನು ಇದ್ದೇ ಇರುತ್ತದೆ. ಹೊಸದಾಗಿದ್ದರೂ ಅದು ಪ್ರಾಮಾಣಿಕ ದುರಸ್ತಿಯಿರಬಹುದು. ಮಾರುವವನು ಮುಚ್ಚಿಟ್ಟರೆ ಮಾತ್ರ ಮೋಸ. ಮರವೂ ಸಾಕ್ಷಿ ಹೇಳುತ್ತದೆ. ಬೆರಳೊತ್ತುವ ಹಲಗೆ ಮೊದಲು ಮೇಪಲ್ ಮರದ್ದು. ಬೀಟೆಯ ಜಾತಿಯ ಮರ ಬಂದದ್ದು 1959ರಲ್ಲಿ. ಅದಕ್ಕೆ ಮುಂಚಿನದೆನ್ನುವ ವಾದ್ಯದಲ್ಲಿ ಕಪ್ಪು ಹಲಗೆಯಿದ್ದರೆ ಸಂಶಯ ಸಹಜ. ಯಾವ ಗುರುತೂ ಒಂಟಿಯಾಗಿ ತೀರ್ಪು ಹೇಳಲಾರದು; ಎಲ್ಲ ಸಾಕ್ಷಿಗಳೂ ಒಂದೇ ಮಾತಾಡಬೇಕು.

1965ರಲ್ಲಿ ಫೆಂಡರ್ ಕಂಪನಿ ಸಿಬಿಎಸ್ ಸಂಸ್ಥೆಯ ಕೈಸೇರಿತು. ಅದಕ್ಕೆ ಹಿಂದಿನ ವಾದ್ಯಗಳಿಗೆ ಇಂದು ಗಿರಾಕಿ ಹೆಚ್ಚು. ಖೋಟಾ ಕೆಲಸವೂ ಅವುಗಳ ಸುತ್ತಲೇ ಹೆಚ್ಚು. ಅಸಲಿ ವಾದ್ಯವೊಂದನ್ನು ಬಿಚ್ಚಿ, ಅದರ ಅಂಗಾಂಗಗಳನ್ನು ಎರಡು ಮೂರು ನಕಲುಗಳಿಗೆ ಹಂಚುವವರುಂಟು. ಕೊಂಡವನು ಕಳೆದುಕೊಂಡ ಹಣವನ್ನು ಮತ್ತೆ ಗಳಿಸಿಯಾನು. ಹಾಗೆ ಚದುರಿಹೋದ ವಾದ್ಯವನ್ನು ಮತ್ತೆ ಒಂದುಗೂಡಿಸುವವರು ಯಾರು?